ಒಂದು ಗೇಣು ಕೆಂಪು

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ಮಾನ್ವಿಯಲ್ಲಿ ಜಮಖಾನ ನೇಯುತ್ತಿದ್ದ ಚಾಚಾರಿಗೆ ಎಂದಿನಂತೆ ನಾನೇ ಬಣ್ಣ ಹಾಕಿದ ಕೆಂಪು ನೂಲು ಕೊಟ್ಟೆ. ಹೈದರಾಬಾದಿನ ಕಲಾವಿದರೊಬ್ಬರು ನೇಯಲು ಕಳಿಸಿದ ಚಿತ್ರದಲ್ಲಿ ಕೆಂಪು ವೃತ್ತವೊಂದು ಹಾಳೆಯ ಅಂಚಿಗೆ ಬಂದು ಅರ್ಧಕ್ಕೇ ನಿಂತಿತ್ತು. ಚಾಚಾ ಮಗ್ಗದಲ್ಲಿ ಅದನ್ನು ಪೂರ್ತಿ ಮಾಡುತ್ತಿದ್ದರು.

“ಚಾಚಾ, ಅವ್ರು ಬೇಕಂತನ ಅರ್ಧ ಬರದಾರ್ರಿ. ವಾಪಸ್ ಕಳಸ್ತಾರ ನೋಡ್ರಿ,” ಎಂದೆ.

“ಪಾಪ, ಅವ್ರಿಗೆ ಹಾಳಿ ಸಾಲಿಲ್ಲ. ನಮ್ಮ ಮಗ್ಗ ಅಗಲ ಅದ ಬೇಟಿ,” ಎಂದು ಹೆಬ್ಬೆರಳು ನಾಲಿಗೆಗೆ ತಾಗಿಸಿ ನೂಲು ಹೊಸೆದರು. ಯಾವುದಕ್ಕೂ ಅವರದು ಒಂದೇ ಮಾತು: “ಕೈಗೆ ಗೊತ್ತದ.”

ಅಂದು ರಾತ್ರಿ ಚಾಚಾ ನಿದ್ದೆಯಲ್ಲೇ ತೀರಿಕೊಂಡರು.

ತಿಂಗಳಾದ ಮೇಲೆ ಬಂದ ಕಲಾವಿದರು ಮಗ್ಗದ ಮೇಲೆ ತಮ್ಮ ಹಾಳೆಯ ಅಂಚು ದಾಟಿ ಹೋಗಿದ್ದ ಕೆಂಪನ್ನು ಬೆರಳಿಂದ ಸವರಿ, “ಹೀಗೇ ಮುಗಿಸಿಕೊಡಿ” ಎಂದರು. ಚಾಚಾ ನೇಯುತ್ತಿದ್ದ ವೃತ್ತದ ಆ ತಿರುವು ನೇಯಲು ನಮ್ಮಲ್ಲಿ ಯಾರಿಗೂ ಬರಲಿಲ್ಲ.

ನೂಲು ನನ್ನ ಹತ್ತಿರ ಇದೆ. ವೃತ್ತ ಕೂಡಲು ಒಂದು ಗೇಣು ಇನ್ನೂ ಬಾಕಿ ಇದೆ.