ತೇಲುವ ಟೀಚರು

ನಮ್ಮ ಹ್ಯೂಸ್ಟನ್ ಶಾಲೆಯ ವಿಜ್ಞಾನದ ಟೀಚರು ವರ್ಲೀನ್ ಹಾಡ್ಜಸ್ ಲಿಫ್ಟಿಗೂ ಹೆದರಿ ಮೆಟ್ಟಿಲು ಹತ್ತುವವರು. ಆದರೂ ಆಕಾಶದಲ್ಲಿ ಏರಿ ಧುಮುಕಿ ಒಳಗಿದ್ದವರನ್ನೆಲ್ಲ ತೂಕವೇ ಇಲ್ಲದಂತೆ ತೇಲಿಸುವ ವಿಮಾನದಲ್ಲಿ ಮಕ್ಕಳು ಯೋಚಿಸಿ ಕೊಟ್ಟ ಪ್ರಯೋಗ ಮಾಡಲು ಮೊದಲು ಕೈಯೆತ್ತುವವರು ಅವರೇ. ಉಳಿದ ಮೇಷ್ಟ್ರುಗಳು ಗಾಳಿಯಲ್ಲಿ ಲಾಗ ಹಾಕುತ್ತಿದ್ದರೆ ಇವರು ಒಂದು ಕೈಯಲ್ಲಿ ವಾಂತಿ ಚೀಲ, ಇನ್ನೊಂದರಲ್ಲಿ ಪ್ರಯೋಗದ ಪೆಟ್ಟಿಗೆ ಹಿಡಿದು, "ನನ್ನ ಬಿಡ್ರಪ್ಪ, ಪೆಟ್ಟಿಗೆ ನೋಡ್ಕೊಳ್ಳಿ" ಎನ್ನುತ್ತಾರೆ. ನೀರಿನ ಜೊತೆ ಕುಲುಕಿದ ಎಣ್ಣೆ ಅಲ್ಲೂ ಮೇಲಕ್ಕೇ ಬರುತ್ತದೆಂದು ಈ ಸಲ ಅರಾಸೆಲಿ ಎಂಬ ಹುಡುಗಿ ಊಹಿಸಿದ್ದಳು. ಬರಲಿಲ್ಲ, ನೀರಲ್ಲೇ ಹನಿಹನಿಯಾಗಿ ನಿಂತಿತು. "ನಂದು ತಪ್ಪಾಯ್ತು ಮಿಸ್" ಎಂದು ಅವಳು ಮುಖ ಸಣ್ಣ ಮಾಡಿದಾಗ, ವಿಮಾನದಿಂದ ಇಳಿದು ಶಾಲೆಗೆ ಬಂದರೂ ಇನ್ನೂ ಬಿಳಿಚಿಕೊಂಡಿದ್ದ ಟೀಚರು ನಕ್ಕುಬಿಟ್ಟರು: "ಗೊತ್ತಿರೋದೇ ಆಗಿದ್ರೆ ನಾನ್ಯಾಕೆ ಅಷ್ಟು ಮೇಲೆ ಹೋಗಿ ವಾಂತಿ ಮಾಡ್ಬೇಕಿತ್ತು ಮಗಳೇ?" ಹುಡುಗಿಗೂ ನಗು ಬಂತು. "ಹಾಗಾದ್ರೆ ಎಣ್ಣೆ ಬದಲು ಜೇನುತುಪ್ಪ ಹಾಕಿದ್ರೆ?" ಎಂದಳು. ಗೋಡೆ ಹಿಡಿದು ನಿಂತಿದ್ದ ಟೀಚರು ಗೋಡೆ ಬಿಟ್ಟು, ಮುಂದಿನ ವಿಮಾನ ಯಾವಾಗ ಎಂದು ಕೇಳಲು ಹೊರಟರು.