ಇಲ್ಲದ ಮಗನ ಅಪ್ಪ

ನಾದಿದ ಹಿಟ್ಟಿನಿಂದ ಉಂಡೆ ಹರಿದು ಹಲಗೆಗೆ ಹಾಕುತ್ತಿದ್ದಾರೆ ಅಬ್ಬಾಸ್. ತಕ್ಕಡಿ ನೋಡುವುದೇ ಇಲ್ಲ. ಜೋರ್ಡಾನಿನ ರಾಜಧಾನಿ ಅಮ್ಮಾನಿನ ಪೂರ್ವದ ಗುಡ್ಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಲೆಯೊಳಗೆ ಆಗಲೇ ನಲವತ್ತು ಸಮೂನ್, ನಮ್ಮ ಇರಾಕಿನ ದೋಣಿಯಾಕಾರದ ರೊಟ್ಟಿ, ಉಬ್ಬುತ್ತಿವೆ. ದಿನಕ್ಕೆ ಸಾವಿರದ ಇನ್ನೂರು ಬೇಯಿಸಬೇಕು. ಹಲಗೆ ಹೊರುವುದು ಎಡ ಹೆಗಲ ಮೇಲೆ ಮಾತ್ರ. ಬಲಗಡೆಯ ಮೂಳೆಯನ್ನು ಆರು ವರ್ಷದ ಹಿಂದೆ ಸ್ವಂತ ಅಣ್ಣಂದಿರೇ ಮುರಿದರು. ಅಬ್ಬಾಸ್ ಪ್ರೀತಿಸುತ್ತಿದ್ದುದು ಒಬ್ಬ ಗಂಡಸನ್ನು ಎಂದು ಮನೆಗೆ ತಿಳಿದ ದಿನ ಅದು; ಆಮೇಲೆ ಇರಾಕ್ ಬಿಟ್ಟು ಇಲ್ಲಿಗೆ ಓಡಿಬಂದರು. (ಹೆಸರುಗಳನ್ನು ಬದಲಿಸಿದ್ದೇನೆ.)

ಬೀದಿಗೆಲ್ಲ ಇವರು ಅಬು ಫಾದಿಲ್, ಅಂದರೆ ಫಾದಿಲನ ಅಪ್ಪ. ಮಗನೂ ಇಲ್ಲ, ಮದುವೆಯೂ ಇಲ್ಲ. ಅಬ್ಬಾಸ್ ಎಂಬ ಹೆಸರಿನವನನ್ನು ಮೀಸೆ ಮೂಡುವ ಮೊದಲೇ ಅಬು ಫಾದಿಲ್ ಎಂದು ಕರೆಯುವುದು ನಮ್ಮ ಇರಾಕಿಗಳ ರೂಢಿ; ಬರೀ ಹೆಸರು ಹಿಡಿದು ಕೂಗಿದರೆ ಮರ್ಯಾದೆಯಲ್ಲ. "ಫಾದಿಲ್‌ಗೆ ಹೆಣ್ಣು ನೋಡಿಟ್ಟಿದೀವಿ, ಅವನಮ್ಮ ಯಾವಾಗ ಬರ್ತಾಳೆ?" ಎಂದು ಗಿರಾಕಿಗಳು ಕೆಣಕಿದರೆ ನಕ್ಕು ಒಂದು ಸಮೂನ್ ಹೆಚ್ಚು ಹಾಕುತ್ತಾರೆ.

ಆ ಮರ್ಯಾದೆಯೇ ಮುಳುವಾಯಿತು. ಬೇರೆ ದೇಶದಲ್ಲಿ ಆಶ್ರಯ ಕೇಳಿದ ಅರ್ಜಿಯ ಜೊತೆ ಅಂಗಡಿಯ ಯಜಮಾನ ಹಾಜಿ ಸಬ್ರಿ ಕೊಟ್ಟ ನಡತೆ ಪತ್ರವಿತ್ತು: ಅಬು ಫಾದಿಲ್ ನಂಬಿಗಸ್ತ. ದೂರದ ಅಧಿಕಾರಿಗೆ ಅದರಲ್ಲಿ ಮಗ ಕಂಡ. ಮಗನಿದ್ದ ಮೇಲೆ ಹೆಂಡತಿ ಇರಬೇಕು, ಹೆಂಡತಿ ಇದ್ದ ಮೇಲೆ ಉಳಿದದ್ದೆಲ್ಲ ಸುಳ್ಳಿರಬೇಕು. ನಿಜ ವಿವರಿಸಿ, ಪತ್ರ ಕೊಟ್ಟವರಿಂದಲೇ ಸಹಿ ಹಾಕಿಸಿ ಗಡುವಿನೊಳಗೆ ಅಂಚೆಗೆ ಹಾಕಿ, ಇಲ್ಲವಾದರೆ ಕಡತ ಮುಚ್ಚುತ್ತೇವೆ ಎಂದು ಉತ್ತರ ಬಂತು.

ವಿವರಣೆ ಬರೆದಾಯಿತು. ಆದರೆ ಸಹಿ ಕೇಳಬೇಕಾದರೆ ಹಾಜಿಗೆ ಎಲ್ಲ ಹೇಳಬೇಕು. ಎಂಟು ತಿಂಗಳು ಕಾಗದ ಹಿಟ್ಟಿನ ಡಬ್ಬಿಯ ಹಿಂದೆಯೇ ಉಳಿಯಿತು.

"ಊರಲ್ಲಿ ಮುಚ್ಚಿಟ್ಟಿದ್ದಕ್ಕೆ ಅಷ್ಟು ವರ್ಷ ಬದುಕಿದೆ. ಈ ಆಶ್ರಯದ ಕಚೇರಿಯವರು ನೋಡಿದ್ರೆ, ಬಿಚ್ಚಿ ಹೇಳಿದ್ರೆ ಬದುಕ್ತೀಯ ಅಂತಾರೆ. ಯಾವುದು ಸರಿಯೋ ನಂಗೆ ಈಗ್ಲೂ ತಿಳೀತಿಲ್ಲ, ಚಿಕ್ಕಮ್ಮ," ಎನ್ನುತ್ತಾರೆ ನನ್ನೊಡನೆ; ನಂಟಸ್ತಿಕೆಯೇನಿಲ್ಲ, ವಯಸ್ಸಿಗೆ ಹಿರಿಯಳೆಂದು ಹಾಗೆ ಕರೆಯುತ್ತಾರೆ.

ಗಡುವಿಗೆ ನಾಲ್ಕು ದಿನ ಉಳಿದಾಗ ಕಾಗದವನ್ನು ಹಾಜಿಯ ಕೈಗಿಟ್ಟರು. ಹಾಜಿ ಎರಡು ಸಲ ಓದಿದರು. ಒಲೆಯಲ್ಲಿ ರೊಟ್ಟಿ ಕರಕಲಾಯಿತು, ಇಬ್ಬರೂ ತೆಗೆಯಲಿಲ್ಲ.

"ಇದನ್ನ ನಂಗ್ಯಾಕೆ ಓದಿಸಿದೆ?" ಎಂದರಂತೆ. ಆಮೇಲೆ, "ಪೆನ್ನು ಕೊಡು. ನಿಂಗೆ ಮಗ ಇಲ್ಲ ಅನ್ನೋದು ನಂಗೊತ್ತು, ಅದಕ್ಕೆ ಸಹಿ ಹಾಕ್ತೀನಿ. ಮಿಕ್ಕಿದ್ದು ನೀನುಂಟು, ದೇವರುಂಟು."

ಅಂದಿನಿಂದ ಹಾಜಿ ಇವರನ್ನು ಯಾವ ಹೆಸರಿನಿಂದಲೂ ಕರೆದಿಲ್ಲ. ಹಲಗೆ ಬೇಕಾದರೆ ಬೆರಳು ತೋರಿಸುತ್ತಾರೆ.

"ಆ ಹೆಸರಿಂದಲೇ ಕೆಟ್ಟೆ. ಆದ್ರೂ ಹಾಜಿ ಇನ್ನೊಂದ್ಸಲ ಅಬು ಫಾದಿಲ್ ಅಂದ್ರೆ ಸಾಕು ಅನ್ಸುತ್ತೆ. ಇದೆಂಥ ಹುಚ್ಚು, ಚಿಕ್ಕಮ್ಮ?"

ಇಂದು ಹತ್ತು ಗಂಟೆಗೆ ಅಂಚೆ ಕಚೇರಿಯಲ್ಲಿ ಅಬ್ಬಾಸ್ ಸಹಿಯಾದ ಕಾಗದದ ಲಕೋಟೆ ಚಾಚಿದರೂ ಬೆರಳು ಬಿಡಲಿಲ್ಲ. ಗುಮಾಸ್ತ ಮೆಲ್ಲಗೆ ಎಳೆದುಕೊಂಡು, ಮುದ್ರೆ ಒತ್ತಿ, ಹಿಂದಿದ್ದ ಚೀಲಕ್ಕೆ ಹಾಕಿದ.