ಮಂಚಕ್ಕಿದ್ದ ತಕರಾರು

ಸೀಟಿಯ ಬಸ್ಸಿನಲ್ಲಿ ಬಾಗಿಲಿಗೆ ಆತುಕೊಂಡು ನಿಂತು ಗೆದ್ದವರು ಯಾರೂ ಇಲ್ಲ. "ಒಳಗೆ ಹೋಗ್ರಿ, ಒಳಗೆ. ಬಾಗಿಲಲ್ಲೇ ಇರೋಕೆ ನೀವೇನು ಚಿಲಕಾನಾ?" ಎಂದು ಅವಳು ಒಂದು ಸಲ ಗದರಿದರೆ ಕೊಡೆ ಹಿಡಿದ ಮುದುಕರಿಂದ ಹಿಡಿದು ಪೊಲೀಸಿನವರವರೆಗೆ ಎಲ್ಲರೂ ಹಿಂದಿನ ಸೀಟಿನ ತನಕ ಸರಿದುಬಿಡುತ್ತಿದ್ದರು. ಸೀಟಿ ಎಂಬುದು ಅವಳ ಹೆಸರಲ್ಲ. ಎರಡು ಬೆರಳು ಬಾಯಿಗಿಟ್ಟು ಊದಿದರೆ ಆಚೆ ಬೀದಿಯ ನಾಯಿಗಳೂ ಎದ್ದು ನಿಲ್ಲುತ್ತವೆಂದು ಅನಾಥಾಲಯದ ಮಕ್ಕಳು ಇಟ್ಟ ಅಡ್ಡಹೆಸರು. ಮುಂದೆ ಕಂಡಕ್ಟರ್ ಕೆಲಸ ಸಿಕ್ಕಿ ಸರ್ಕಾರವೇ ಅವಳ ಕೊರಳಿಗೊಂದು ಸೀಟಿ ಕಟ್ಟಿತು. ಡಿಪೋದವರಿಗೆ ಬೇರೆ ಹೆಸರು ಹುಡುಕುವ ಕಷ್ಟ ತಪ್ಪಿತು.

ಅವಳಿಗೆ ಸಿಟ್ಟು ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಜಾಸ್ತಿಯೇ, ಇಲ್ಲವೆಂದವರು ಯಾರು? ಆದರೆ ಬಸ್ಸಿನಲ್ಲಿ ತೋರಿಸುತ್ತಿದ್ದದ್ದು ಬರೀ ಚಿಲ್ಲರೆ ಸಿಟ್ಟು. ದೊಡ್ಡ ಗಂಟನ್ನು ಅವಳು ಬೇರೆ ಕಡೆಗೆಂದು ಎತ್ತಿಟ್ಟಿದ್ದಳು. ಅದು ಒಂದು ಸರ್ಕಾರಿ ಕಚೇರಿಯ ನೆಲಮಾಳಿಗೆಯ ರೆಕಾರ್ಡ್ ಕೋಣೆಗೆ ಸೇರಬೇಕಾದ ಸಿಟ್ಟು.

ಅನಾಥಾಲಯದ ಮೇಲ್ವಿಚಾರಕಿಯನ್ನು ಮಕ್ಕಳು ದೊಡ್ಡಮ್ಮ ಎನ್ನುತ್ತಿದ್ದರು. ಕೈ ಜೋರು, ಮನಸ್ಸು ಅಷ್ಟು ಕೆಟ್ಟದಲ್ಲ. ನನ್ನನ್ನು ಇಲ್ಲಿ ಬಿಟ್ಟು ಹೋದವರು ಯಾರು ಎಂದು ಸೀಟಿ ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಎಲ್ಲಾ ನಿನ್ನ ಫೈಲಲ್ಲಿ ಐತೆ ಕಣೆ. ದೊಡ್ಡವಳಾದ ಮೇಲೆ ಬಂದು ನೋಡ್ಕೋ. ಅದೆಲ್ಲಿಗೂ ಓಡಿಹೋಗಲ್ಲ." ಬೇರೆ ಮಕ್ಕಳಿಗೆ ಅಜ್ಜಿಮನೆ ಇರುವಂತೆ ಸೀಟಿಗೆ ಒಂದು ಫೈಲು ಇತ್ತು. ಯಾವತ್ತಾದರೂ ಹೋಗಬಹುದಾದ, ಬಾಗಿಲು ಹಾಕದ ಮನೆ ಅದು ಎಂದೇ ಅವಳು ನಂಬಿದ್ದಳು.

ಅಲ್ಲಿ ಅವಳಿಗೊಬ್ಬ ತಂಗಿಯೂ ಸಿಕ್ಕಳು. ರಕ್ತ ಹಂಚಿಕೊಂಡವಳಲ್ಲ, ಮಂಚ ಹಂಚಿಕೊಂಡವಳು. ಇನ್ನೂ ಸರಿಯಾಗಿ ಮಾತು ಬಾರದ ಆ ಕೂಸನ್ನು ತಂದಾಗ ಮಲಗಿಸಲು ಮಂಚವಿರಲಿಲ್ಲ. ಲೆಕ್ಕಕ್ಕೆ ಇತ್ತು, ಕೋಣೆಯಲ್ಲಿ ಇರಲಿಲ್ಲ. ಅದೆಲ್ಲಿ ಹೋಯಿತೆಂದು ಅಲ್ಲಿನ ಬೆಕ್ಕಿಗೂ ಗೊತ್ತಿತ್ತು: ಉಗ್ರಾಣದವನ ಮಗಳ ಮದುವೆಗೆ. ದೊಡ್ಡಮ್ಮ ಕೂಸನ್ನು ತಂದು ಸೀಟಿಯ ಪಕ್ಕಕ್ಕೆ ಹಾಕಿ, "ಇವಳು ನಿನ್ನ ತಂಗಿ, ಒದೀಬೇಡ" ಎಂದಳು. ಸೀಟಿ ಒದೆಯಲಿಲ್ಲ. ತಂಗಿಯೇ ರಾತ್ರಿಯೆಲ್ಲ ಒದ್ದಳು. ದೊಡ್ಡವರಾಗಿ ಬೇರೆ ಬೇರೆ ಮನೆ ಸೇರಿ, ತಂಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದ ಮೇಲೂ ಅಕ್ಕತಂಗಿಯರ ನಂಟು ಸಡಿಲಾಗಲಿಲ್ಲ.

ಸೀಟಿ ಫೈಲು ನೋಡಲು ಹೋದದ್ದು ತಡವಾಗಿ. ಕೆಲಸ, ಮದುವೆ, ಮಕ್ಕಳು. ಬದುಕು ಅವಳನ್ನೂ "ಒಳಗೆ ಹೋಗ್ರಿ" ಎಂದು ದೂಡುತ್ತಲೇ ಇತ್ತು. ಕೊನೆಗೆ ಮಗಳು ಬಸುರಿಯಾದಾಗ ಡಾಕ್ಟರು ಸೀಟಿಯ ಕಡೆ ತಿರುಗಿ, "ನಿಮ್ಮ ತಾಯಿಯವರಿಗೆ ಶುಗರ್ ಇತ್ತಾ?" ಎಂದು ಕೇಳಿದರು. ಯಾರಿಗೂ ಉತ್ತರ ಬಾಕಿ ಉಳಿಸಿಕೊಳ್ಳದ ಹೆಂಗಸು ಮಗಳ ಮುಂದೆ ಮಂಕಾಗಿ ಕೂತಳು. ಆ ವಾರದ ರಜೆಯ ದಿನವೇ ಕಚೇರಿಗೆ ಹೋದಳು.

ರೆಕಾರ್ಡ್ ಕೋಣೆ ಮೆಟ್ಟಿಲಿಳಿದು ಹೋದರೆ ಕೆಳಗೆ. ಮಿಣಮಿಣ ಎನ್ನುವ ಟ್ಯೂಬ್‌ಲೈಟು, ಸೂರಿನವರೆಗೂ ಕಬ್ಬಿಣದ ರ್‍ಯಾಕುಗಳು, ಬಟ್ಟೆಯಲ್ಲಿ ಬಿಗಿದು ಕಟ್ಟಿದ ಕಡತಗಳ ಗಂಟುಗಳು. ಧೂಳಿಗೆ ಹೆದರಿ ಸದಾ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿರುತ್ತಿದ್ದ ಗುಮಾಸ್ತನೊಬ್ಬ ಅವಳ ಹೆಸರು ಕೇಳಿ, ಒಳಗೆ ಹೋಗಿ ಬಂದು, ಹವಾಮಾನದ ಸುದ್ದಿ ಹೇಳಿದಷ್ಟೇ ನಿರಾಳವಾಗಿ ಹೇಳಿದ.

"ನಿಮ್ಮದು ನಾಶ ಆಗಿದೆ ಅಮ್ಮ."

"ನಾಶ ಅಂದ್ರೆ?"

"ಅವಧಿ ಮುಗೀತು. ಮಕ್ಕಳು ಆಲಯ ಬಿಟ್ಟ ಮೇಲೆ ಇಂತಿಷ್ಟು ವರ್ಷ ಅಂತ ಇಟ್ಕೋತೀವಿ. ಆಮೇಲೆ ಹರಿದು ರದ್ದಿಗೆ ಹಾಕ್ತೀವಿ. ನಿಯಮ ಹಂಗೇ ಇದೆ."

"ನನಗೆ ಯಾಕೆ ಹೇಳಲಿಲ್ಲ?"

"ನೋಟಿಸ್ ಹಾಕಿದ್ವಿ."

"ಎಲ್ಲಿ?"

ಅವನು ಕೈ ತೋರಿಸಿದ. ಬೋರ್ಡು ರೆಕಾರ್ಡ್ ಕೋಣೆಯ ಒಳಗೋಡೆಯ ಮೇಲಿತ್ತು. ಕೋಣೆಯ ಬಾಗಿಲ ಮೇಲೆ, ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬರೆದಿತ್ತು.

ಸೀಟಿ ಆ ಬೋರ್ಡು ಓದಲು ಒಳಕ್ಕೆ ಬಾಗಿ, ಬಾಗಿಲ ಪಕ್ಕದ ರ್‍ಯಾಕನ್ನು ಹಿಡಿದುಕೊಂಡಳು. ಅಲ್ಲಿ ಕೈಗೆ ತಗುಲಿದ್ದು ಒಂದು ದಪ್ಪ ಗಂಟು. ಅದರ ಮೇಲೆ ಅವಳ ಅನಾಥಾಲಯದ ಹೆಸರೇ ಇತ್ತು.

"ಇದೇನು ಮತ್ತೆ? ಇದು ಉಳಿದಿದೆಯಲ್ಲ."

"ಅಯ್ಯೋ, ಅದನ್ನ ಮುಟ್ಟಬೇಡಿ. ಅದು ಮಂಚ, ಹಾಸಿಗೆ ಖರೀದಿ ಮಾಡಿದ್ದು. ಒಂದು ಮಂಚ ಕಡಿಮೆ ಬಂತು ಅಂತ ಆಡಿಟ್‌ನವರು ಆಗಲೇ ತಕರಾರು ತೆಗೆದಿದ್ರು, ಇನ್ನೂ ಬಗೆಹರಿದಿಲ್ಲ. ತಕರಾರು ಇರೋ ಕಡತಾನ ನಾಶ ಮಾಡೋ ಹಂಗಿಲ್ಲ. ಅದು ನಮ್ಮನ್ನೂ ಕಳಿಸಿಕೊಟ್ಟೇ ಹೋಗೋದು." ಗುಮಾಸ್ತ ತನ್ನ ಜೋಕಿಗೆ ತಾನೇ ನಕ್ಕ.

ಆ ನಗು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಕದ್ದು ಹೋದ ಒಂದು ಕಬ್ಬಿಣದ ಮಂಚವನ್ನು ಸರ್ಕಾರ ಇಷ್ಟು ವರ್ಷವಾದರೂ ಮರೆತಿಲ್ಲ. ಬಟ್ಟೆ ಹೊದಿಸಿ, ಗಂಟು ಕಟ್ಟಿ, ಗೆದ್ದಲು ಮುಟ್ಟದ ಹಾಗೆ ಕಾದುಕೊಂಡು ಕೂತಿದೆ. ಆ ಮಂಚವಿಲ್ಲದೆ ಒಬ್ಬರ ಮೇಲೊಬ್ಬರು ಮಲಗಿದ ಮಕ್ಕಳನ್ನು ಹರಿದು ತೂಕಕ್ಕೆ ಹಾಕಿದೆ. ಸೀಟಿ ಅಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮೇಲಿನ ಮಹಡಿಯ ಟೈಪಿಸ್ಟರು ಕೆಲಸ ನಿಲ್ಲಿಸಿ ಮೆಟ್ಟಿಲ ಬಳಿ ಬಂದು ನಿಂತರಂತೆ, ಅಷ್ಟು ಹೇಳಿದರೆ ಸಾಕು.

ಬೈದು ಬೈದು ಗಂಟಲು ಕಟ್ಟಿದ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. "ನನ್ನ ತಂಗಿದು?"

ಗುಮಾಸ್ತ ಈ ಸಲ ನಗಲಿಲ್ಲ. ತಂಗಿಯದು ಇತ್ತು. ಈ ವರ್ಷ ನಾಶಕ್ಕೆ ಹೋಗುವ ಗಂಟಿನಲ್ಲಿ ಇತ್ತು. ಕೊಡಿ ಎಂದರೆ, ಅವರೇ ಬಂದು, ಇಲ್ಲೇ ಬಿಚ್ಚಿ ಓದಿ ಸಹಿ ಹಾಕಬೇಕು ಎಂದ.

ಸೀಟಿ ನೇರ ಆಸ್ಪತ್ರೆಗೆ ಓಡಿದಳು. ಒಗೆದ ಹಾಸುಗಳನ್ನು ಮಡಿಸುತ್ತಿದ್ದ ತಂಗಿ ಎಲ್ಲ ಕೇಳಿಸಿಕೊಂಡು, ಹಾಸಿನ ಅಂಚಿಗೆ ಅಂಚು ಕೂಡಿಸುತ್ತಲೇ, "ನನಗೆ ಬೇಡ ಅಕ್ಕ" ಎಂದಳು.

"ಬೇಡ ಅಂದ್ರೆ? ತಲೆ ನೆಟ್ಟಗಿದೆಯಾ?"

"ಅದರಲ್ಲಿ ಏನಿದೆಯೋ. ಸತ್ತು ಹೋಗಿದ್ರು ಅಂತ ಇದ್ರೆ ಅಳಬಹುದು. ಬೇಡ ಅಂತ ಬಿಟ್ಟು ಹೋದ್ರು ಅಂತಿದ್ರೆ ಏನು ಮಾಡ್ಲಿ? ಈಗಲ್ಲ. ಧೈರ್ಯ ಬಂದಾಗ ನೋಡ್ತೀನಿ."

"ಅಷ್ಟು ಹೊತ್ತಿಗೆ ಅದು ಇರಲ್ಲ ಕಣೆ."

"ಮತ್ತೆ ಇರೋ ಹಂಗೆ ಮಾಡು," ಎಂದಳು ತಂಗಿ. ಚಿಕ್ಕವಳಿದ್ದಾಗ ದೆವ್ವ ಬರದ ಹಾಗೆ ಮಾಡು ಎಂದದ್ದೂ ಹೀಗೆಯೇ.

ಗಂಡ ಡಿಪೋದಲ್ಲಿ ಮೆಕ್ಯಾನಿಕ್, ತಣ್ಣನೆಯ ಮನುಷ್ಯ. ಅಂದು ಊಟಕ್ಕೆ ಕೂತಾಗ, "ಹೋಗಲಿ ಬಿಡೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಅಂತಾರೆ" ಎಂದ.

"ಕೊಯ್ದವರು ಅವರು, ಮೂಗು ನಂದು. ಗಾದೆ ಹೇಳೋಕೆ ಮುಂಚೆ ಯಾರ ಕೈಲಿ ಚಾಕು ಇದೆ ನೋಡಬೇಕು," ಎಂದು ತಟ್ಟೆ ಸರಿಸಿ ಎದ್ದಳು. ಕೈ ತೊಳೆಯುತ್ತಾ ನಿಂತವಳಿಗೆ ಗುಮಾಸ್ತನ ಮಾತು ನೆನಪಾಯಿತು. ತಕರಾರು ಇರುವುದನ್ನು ನಾಶ ಮಾಡುವ ಹಾಗಿಲ್ಲ. ಮಂಚಕ್ಕೆ ತಕರಾರು ಹೇಳಲು ಆಡಿಟ್‌ನವರಿದ್ದರು. ಮಕ್ಕಳ ಕಡೆಯಿಂದ ತಕರಾರು ಹೇಳುವವರು ಯಾರೂ ಇರಲಿಲ್ಲ, ಅಷ್ಟೇ ಅಲ್ಲವೇ?

ಮರುದಿನ ಅರ್ಜಿ ಕೊಟ್ಟಳು. ನನ್ನ ಕಡತ ನಾಶವಾಗಿದೆ ಎನ್ನುತ್ತೀರಿ, ನನಗೆ ನಂಬಿಕೆ ಇಲ್ಲ. ಅದು ಬೇರೆ ಮಕ್ಕಳ ಕಡತಗಳಲ್ಲಿ ಸೇರಿಹೋಗಿರಬಹುದು. ಒಂದೊಂದನ್ನೂ ಬಿಚ್ಚಿ ನೋಡುವವರೆಗೆ ಯಾವ ಮಗುವಿನ ಕಡತವನ್ನೂ ನಾಶ ಮಾಡಕೂಡದು ಎಂಬುದು ಅರ್ಜಿಯ ಸಾರ. ಗುಮಾಸ್ತ ಓದಿ, ಕರವಸ್ತ್ರ ಕೆಳಗಿಳಿಸಿ, "ನಾನು ಬಾಯಿ ಮುಚ್ಕೊಂಡಿದ್ರೆ ಚೆನ್ನಾಗಿತ್ತು" ಎಂದು ಹಣೆ ಚಚ್ಚಿಕೊಂಡ. ಗಂಟುಗಳನ್ನೆಲ್ಲ ಬಿಚ್ಚಿ ನೋಡುವಷ್ಟು ಜನ ಆ ಕಚೇರಿಯಲ್ಲಿ ಎಂದೂ ಇರಲಿಲ್ಲ. "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಮುಂದಿನ ವರ್ಷ ಸೀಟಿ ನೆನಪೋಲೆ ಕೊಟ್ಟಳು. ಮತ್ತೆ "ಪರಿಶೀಲನೆಯಲ್ಲಿದೆ." ಸರ್ಕಾರದ ಸೋಮಾರಿತನ ಜೀವನದಲ್ಲಿ ಮೊದಲ ಬಾರಿಗೆ ಅವಳ ಕಡೆ ನಿಂತಿತು. ಕಚೇರಿಯಲ್ಲಿ ಅವಳಿಗೆ ತಕರಾರಮ್ಮ ಎಂಬ ಹೊಸ ಹೆಸರು ಬಿತ್ತು. ಮೊಮ್ಮಗ ಹುಟ್ಟಿದ, ನಡೆದ, ಶಾಲೆಗೆ ಹೋದ. ತಂಗಿಗೆ ಧೈರ್ಯ ಬರಲಿಲ್ಲ, ಗಂಟೂ ಕದಲಲಿಲ್ಲ.

ಆಮೇಲೆ ಹೊಸ ಅಧಿಕಾರಿಣಿ ಬಂದರು. ಸೀಟಿಗೆ ಕರೆ ಹೋಯಿತು. ಬೈಯಲು ಸಜ್ಜಾಗಿ ಹೋದವಳಿಗೆ ಕುರ್ಚಿ ಸಿಕ್ಕಿತು, ಟೀ ಬಂತು. ಮೇಡಂ ಎದ್ದು ನಿಂತು ನಮಸ್ಕಾರ ಮಾಡಿದರು. ಬೆಣ್ಣೆಯಂಥ ಮಾತು. ಒರಟರ ಜೊತೆ ಜಗಳವಾಡಿ ಅಭ್ಯಾಸವಿದ್ದ ಸೀಟಿಗೆ ಕೈಕಾಲೇ ಆಡಲಿಲ್ಲ.

"ನಿಮಗೆ ಅನ್ಯಾಯ ಆಗಿದೆ. ನಿಮ್ಮ ಜಾಗದಲ್ಲಿ ನಾನಿದ್ರೂ ಸುಮ್ಮನಿರ್ತಿರಲಿಲ್ಲ," ಎಂದು ಮೇಡಂ ಒಂದು ಕಾಗದವನ್ನು ಮುಂದೆ ಸರಿಸಿದರು.

ಇಲಾಖೆಯ ಮುದ್ರೆಯಿದ್ದ ಕಾಗದ. ನಿಮಗೆ ತಿಳಿಸದೆ ನಿಮ್ಮ ಕಡತವನ್ನು ನಾಶಪಡಿಸಿದ್ದು ತಪ್ಪು, ಅದಕ್ಕಾಗಿ ಇಲಾಖೆ ನಿಮ್ಮ ಕ್ಷಮೆ ಕೇಳುತ್ತದೆ ಎಂದಿತ್ತು. ಸೀಟಿ ಓದಿದಳು, ಮತ್ತೆ ಓದಿದಳು. ಇಷ್ಟು ವರ್ಷ ಬಸ್ಸಿನ ಗದ್ದಲದಲ್ಲಿ, ಪಾತ್ರೆ ತೊಳೆಯುವಾಗ, ನಿದ್ದೆ ಬಾರದಾಗ ಅವಳು ಬಯಸಿದ್ದು ಈ ಒಂದು ಮಾತನ್ನೇ. ತಪ್ಪು ಎಂಬ ಪದದ ಮೇಲೆ ಬೆರಳಿಟ್ಟಳು. ಫೈಲು ಬರುವುದಿಲ್ಲ, ಅಮ್ಮ ಯಾರೆಂದು ತಿಳಿಯುವುದಿಲ್ಲ, ಗೊತ್ತು. ಆದರೆ ಒಂದು ಮಗುವನ್ನು ಹರಿದು ಹಾಕಿದೆವು ಎಂದು ಯಾರೋ ಒಬ್ಬರು ಒಪ್ಪಿಕೊಂಡರಲ್ಲ. ಈ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು ಎನ್ನಿಸಿತು.

ಆಮೇಲೆ ಕೊನೆಯ ಸಾಲಿಗೆ ಕಣ್ಣು ಹೋಯಿತು. ಮೇಲ್ಕಂಡ ಉತ್ತರದಿಂದ ನನಗೆ ಸಮಾಧಾನವಾಗಿದೆ. ಅದರ ಕೆಳಗೆ ಸಹಿಗೆ ಜಾಗ.

"ಇದು?"

"ಸುಮ್ಮನೆ ಒಂದು ಕ್ರಮ ಅಷ್ಟೇ. ನೀವು ಸಹಿ ಹಾಕಿದ್ರೆ ನಾವೂ ಹಾಕಿ ನಿಮಗೊಂದು ಪ್ರತಿ ಕೊಡ್ತೀವಿ. ನಿಮ್ಮ ತಕರಾರು ಮುಕ್ತಾಯ ಆಗುತ್ತೆ."

"ಮಿಕ್ಕ ಮಕ್ಕಳ ಕಡತ?"

"ಕೆಳಗಿನ ಕೋಣೆ ಸಭೆಗಳಿಗೆ ಬೇಕಾಗಿದೆ. ಬೇಕಾದವರು ಬಂದು ತಗೊಂಡು ಹೋಗಲಿ, ತಿಂಗಳ ಸಮಯ ಕೊಡ್ತೀವಿ."

"ಅವರಿಗೆ ಹೇಳೋರ್ಯಾರು? ಅವರ ವಿಳಾಸ ಇದೆಯಾ ನಿಮ್ಮ ಹತ್ರ?"

"ಇಲ್ಲ. ನೋಟಿಸ್ ಹಾಕ್ತೀವಿ."

"ಫೋಟೋ ತೆಗೆದು ಕಂಪ್ಯೂಟರಲ್ಲಿ ಇಡಬಹುದಲ್ಲ."

"ಅದಕ್ಕೆ ಮಂಜೂರಾತಿ ಬಂದಿಲ್ಲ. ಕೋಣೆ ಖಾಲಿ ಮಾಡೋದಕ್ಕೆ ಬಂದಿದೆ." ಹೇಳಿದ ಮೇಲೆ ಮೇಡಂಗೇ ನಾಚಿಕೆಯಾಯಿತೇನೋ, ಟೀ ಲೋಟದ ಕಡೆ ನೋಡಿದರು.

ಸೀಟಿಗೆ ಕಳೆದುಹೋಗಿದ್ದ ಸಿಟ್ಟು ಮರಳಿ ಸಿಕ್ಕಿತು. ಹಳೆಯ ಚಪ್ಪಲಿಯಲ್ಲಿ ಕಾಲಿಟ್ಟಷ್ಟು ಹಾಯಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಕಂಡಿದ್ದಳು. ಒಂದು ಮನೆಯ ಕ್ಷಮೆ ಕೇಳಿ, ಅದೇ ಬಾಯಲ್ಲಿ ಪಕ್ಕದ ಮನೆ ಕೊಳ್ಳೆ ಹೊಡೆಯಲು ಅಪ್ಪಣೆ ಕೇಳುವವರನ್ನು ಇಂದೇ ಕಂಡದ್ದು. ಅವಳು ಕಾಗದವನ್ನು ಇನ್ನೊಂದು ಸಲ ಓದಿದಳು, ಬಾಯಿಪಾಠ ಆಗುವಷ್ಟು ನಿಧಾನವಾಗಿ. ಆಮೇಲೆ ಪೆನ್ನು ತೆಗೆದು, ಸಹಿಯ ಜಾಗದಲ್ಲಿ ತನ್ನ ದಪ್ಪ ಅಕ್ಷರಗಳಲ್ಲಿ ಬರೆದಳು: ನನಗೆ ಸಮಾಧಾನವಾಗಿಲ್ಲ. ನನ್ನ ಕಡತವನ್ನು ಹರಿದವರು ಯಾರು, ಹರಿಯಲು ಹೇಳಿದವರು ಯಾರು ಎಂದು ಈ ಉತ್ತರದಲ್ಲಿ ಇಲ್ಲ. ತಿಳಿಸಬೇಕು, ಅಲ್ಲಿಯವರೆಗೆ ನನ್ನ ತಕರಾರು ಹಾಗೇ ಇರುತ್ತದೆ.

"ಇದನ್ನ ಒಳಗೆ ತಗೊಳ್ಳಿ ಮೇಡಂ. ಟೀ ಚೆನ್ನಾಗಿತ್ತು."

ಬಾಗಿಲ ಬಳಿ ನಿಂತಿದ್ದ ಗುಮಾಸ್ತ ಕಾಗದ ತೆಗೆದುಕೊಂಡು, ಮೇಡಂ ಬಾಯಿ ತೆರೆಯುವ ಮೊದಲೇ ಅದರ ಮೇಲೆ ಸ್ವೀಕೃತಿಯ ಮೊಹರು ಒತ್ತಿಬಿಟ್ಟ. ಅಭ್ಯಾಸ ಬಲವೋ, ಬೇಕೆಂದೇ ಒತ್ತಿದನೋ, ಕರವಸ್ತ್ರದ ಹಿಂದಿನ ಮುಖದಲ್ಲಿ ಏನೂ ಕಾಣಲಿಲ್ಲ.

ಹೊರಗೆ ಗೇಟಿನ ಬಳಿ ತಂಗಿ ಕಾಯುತ್ತಿದ್ದಳು.

"ಏನಂದ್ರು ಅಕ್ಕ?"

"ಕ್ಷಮೆ ಕೇಳಿದ್ರು."

"ನಿಜವಾಗ್ಲೂ? ಕಾಗದದಲ್ಲಾ? ಎಲ್ಲಿ, ತೋರಿಸು."

"ತಗೊಳ್ಳಲಿಲ್ಲ. ಸಾಲದು ಅಂದೆ."

ತಂಗಿ ಅವಳ ಖಾಲಿ ಕೈಗಳನ್ನು ನೋಡಿದಳು. ಆ ಕಾಗದಕ್ಕಾಗಿ ಅಕ್ಕ ಎಷ್ಟು ವರ್ಷ ಹಲ್ಲು ಕಚ್ಚಿ ಕಾದಿದ್ದಳೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. "ನನ್ನಿಂದಾನಾ?" ಎಂದಳು ಮೆಲ್ಲಗೆ.

"ಇನ್ಯಾರಿಂದ? ನೀನು ನೋಡೋದೂ ಇಲ್ಲ, ಬಿಡೋದೂ ಇಲ್ಲ. ಮಂಚದಲ್ಲೂ ಹಂಗೇ, ಅರ್ಧ ಜಾಗ ಬೇಕು, ಮೇಲೆ ಒದೆ ಬೇರೆ," ಎಂದು ಸೀಟಿ ಗದರಿದಳು. ಅವಳ ಕಣ್ಣು ತುಂಬಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಇಬ್ಬರೂ ಬಸ್ಸಿನ ನಿಲ್ದಾಣದ ತನಕ ನಡೆದರು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ತಂಗಿ ಅಲ್ಲೇ ತಡೆದು, ಹಿಂತಿರುಗಿ, "ಮುಂದಿನ ವರ್ಷ ನೋಡ್ತೀನಿ ಅಕ್ಕ. ಅಲ್ಲೀವರೆಗೆ ಇರುತ್ತಲ್ಲ?" ಎಂದಳು.

"ಇರುತ್ತೆ. ನಾನಿದೀನಲ್ಲ," ಎಂದಳು ಸೀಟಿ. "ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಹೋಗು."